ಅತ್ತಿಗೆ ಸುರಂಗ ಹತ್ತಿದ್ದು

ನನ್ನ ಅತ್ತಿಗೆ ಪವಿತ್ರಾಗೆ ಈಗ ಐವತ್ತರ ಹತ್ತಿರ. ಗಾವಡಗೆರೆ ಪಕ್ಕದ ನಮ್ಮೂರಲ್ಲೇ ಇದ್ದಾಳೆ, ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ. ಊರಿನವರು ಅವಳನ್ನು ಗಟ್ಟಿಗಿತ್ತಿ ಎನ್ನುತ್ತಾರೆ. ಹಾಗೆ ಅಂದವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಗಟ್ಟಿಗಿತ್ತಿ ಅಂತ ಒಂದು ಹೆಸರು ಕೊಟ್ಟುಬಿಟ್ಟರೆ ಆಮೇಲೆ ಅವಳಿಗೆ ಅಳು ಬರುತ್ತದೆಯೇ ಅಂತ ಯಾರೂ ಕೇಳಬೇಕಾಗಿಲ್ಲ ನೋಡಿ. ಅವಳು ಗಟ್ಟಿಯಾದದ್ದು ಎಲ್ಲಿ ಅಂತ ನನಗೆ ಗೊತ್ತು. ಅವಳ ಪಕ್ಕದಲ್ಲೇ ಚಾಪೆಯ ಮೇಲೆ ಕೂತು ನೋಡಿದ್ದೇನೆ. ಅದು ಒಂದು ಟಿವಿ ಗೇಮಿನಲ್ಲಿ. ನಗುವವರು ನಗಲಿ.

ನನ್ನ ಅಣ್ಣ ಶಿವಶಂಕರ ಗಾವಡಗೆರೆಯಲ್ಲಿ ಟಿವಿ, ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ. ಅಪ್ಪ ಹೊಗೆಸೊಪ್ಪು ಬೆಳೆಯುತ್ತಿದ್ದರು. ಇವನಿಗೆ ಮಣ್ಣು ಮುಟ್ಟಲು ಮನಸ್ಸಿಲ್ಲ, ವೈರು ಕಂಡರೆ ಪ್ರಾಣ. ಒಂದು ವೈರು ಸರಿ ಮಾಡಿದವನು ಊರಿನ ಎಲ್ಲ ವೈರಿಗೂ ಜವಾಬ್ದಾರ ಎಂಬುದು ನಮ್ಮೂರಿನವರ ನ್ಯಾಯ. ಮಿಕ್ಸಿ ಕೆಟ್ಟರೂ ಅವನೇ, ಮದುವೆಮನೆಯ ಮೈಕು ಕೆಟ್ಟರೂ ಅವನೇ, ಪಂಪ್‌ಸೆಟ್ ನಿಂತರೂ ಅವನೇ. ಯಾರಾದರೂ ಬೀದಿಯಿಂದ "ಶಿವಶಂಕರಾ" ಎಂದು ಕೂಗುತ್ತಿದ್ದರು. ಹಿತ್ತಲಿನಲ್ಲಿ ಕೆಲಸ ಮಾಡುತ್ತಿದ್ದ ನಮ್ಮವ್ವ ಚಿಕ್ಕಬೀರಮ್ಮ ತಲೆ ಕೂಡ ಎತ್ತದೆ, ಕರೆದವರು ಯಾರು ಅಂತಲೂ ನೋಡದೆ, "ಮನೇಲಿಲ್ಲ ಕಣಪ್ಪೋ, ಅಂಗ್ಡಿಗೆ ಓಗವ್ನೆ" ಎಂದು ಕೂಗಿ ಹೇಳುತ್ತಿದ್ದಳು. ಎಷ್ಟೋ ಸಲ ಅವನು ಒಳಗೇ ಊಟಕ್ಕೆ ಕೂತಿರುತ್ತಿದ್ದ. ಆಗಲೂ ಅವ್ವನ ಉತ್ತರ ಅದೇ. "ಒಂದು ತುತ್ತು ಉಣ್ಣಾಕೂ ಬುಡಾಕಿಲ್ಲ ಇವ್ರು" ಎಂದು ಗೊಣಗಿಕೊಂಡು ಮತ್ತೆ ಕೆಲಸಕ್ಕೆ ಬಗ್ಗುತ್ತಿದ್ದಳು.

ತೊಂಬತ್ತೆಂಟರಲ್ಲಿ ಎಚ್.ಡಿ. ಕೋಟೆ ಕಡೆಯಿಂದ ಪವಿತ್ರಾ ಸೊಸೆಯಾಗಿ ಬಂದಳು. ಪಿಯುಸಿ ಓದಿದವಳು ಅಂತ ಅಣ್ಣನಿಗೆ ಎಲ್ಲಿಲ್ಲದ ಜಂಬ. ಅದೇ ಹೊತ್ತಿಗೆ ಪಿರಿಯಾಪಟ್ಟಣದ ನೀಲಕಂಠಸ್ವಾಮಿ ಎಂಬುವರು ತಮ್ಮ ಮೊಮ್ಮಕ್ಕಳ ಟಿವಿ ಗೇಮನ್ನು ರಿಪೇರಿಗೆ ಕೊಟ್ಟು ಹೋದವರು ಆ ಕಡೆ ತಲೆಯನ್ನೇ ಹಾಕಲಿಲ್ಲ. ಅಣ್ಣ ಅದನ್ನು ಸರಿ ಮಾಡಿದ. ಸರಿಯಾಗಿದೆಯೋ ಇಲ್ಲವೋ ನೋಡಬೇಕಲ್ಲ ಅಂತ ಮನೆಗೆ ತಂದ. ಆ ನೋಡುವುದು ತಿಂಗಳುಗಟ್ಟಲೆ ಮುಗಿಯಲಿಲ್ಲ.

ಅದರಲ್ಲಿದ್ದದ್ದು ಒಂದೇ ಕ್ಯಾಸೆಟ್ಟು. ಗುಂಡು ಹಾರಿಸುವ ಆಟವಲ್ಲ, ಕಥೆಯ ಆಟ. ಹೆಸರುಕಾಳಿನಷ್ಟು ದೊಡ್ಡ ಮೂವರು ವೀರರು ಊರೂರು ಅಲೆಯುತ್ತಾರೆ, ರಾಕ್ಷಸರ ಜೊತೆ ಬಡಿದಾಡುತ್ತಾರೆ, ದಾರಿಯಲ್ಲಿ ಸಿಕ್ಕವರೆಲ್ಲ ಇಂಗ್ಲಿಷಿನಲ್ಲಿ ಏನೋ ಹೇಳುತ್ತಾರೆ. ಅದನ್ನು ಓದಿ ಹೇಳುವುದು ಅತ್ತಿಗೆಯ ಕೆಲಸ, ಗುಂಡಿ ಒತ್ತುವುದು ಅಣ್ಣನ ಕೆಲಸ. ಅವಳಿಗೆ ಗುಂಡಿ ಮುಟ್ಟಲು ಅವನು ಬಿಡುತ್ತಿರಲಿಲ್ಲ. ಇಡೀ ದಿನ ಕಡ್ಡಿಗೆ ಹೊಗೆಸೊಪ್ಪು ಕಟ್ಟಿದ ಕೈ ನಮ್ಮದು, ಬೆರಳಿನ ತುಂಬ ಕಪ್ಪು ಅಂಟು, ಸೋಪಿಗೂ ಹೋಗದು. "ಮೇಷ್ಟ್ರಮ್ಮ, ನೀನು ಓದಿ ಯೋಳುದ್ರೆ ಸಾಕು, ದೂರ ಕೂತ್ಕೊ" ಎನ್ನುತ್ತಿದ್ದ.

ಆಟ ಶುರುವಾಗುವ ಮೊದಲು ಮೂವರು ವೀರರಿಗೂ ಹೆಸರು ಕೊಡಬೇಕಿತ್ತು, ಇಂಗ್ಲಿಷಿನ ನಾಲ್ಕು ಅಕ್ಷರದಲ್ಲಿ. ಎಲ್ಲರಿಗಿಂತ ಮುಂದೆ ನಡೆಯುವ ವೀರ ಅಣ್ಣ. ಅಕ್ಷರ ಹೇಳಬೇಕಾದವಳು ಅತ್ತಿಗೆ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ, ಹೇಳಿದರೆ ಅವನ ಆಯಸ್ಸು ಕಮ್ಮಿಯಾಗುತ್ತದೆ ಅಂತ. ಪಿಯುಸಿ ಓದಿದ್ದರೂ ಅಷ್ಟೇ. ಅಣ್ಣ ಬೇಕೆಂದೇ ರೇಗಿಸಿದ.

"ಯೋಳು, ನನ್ನೆಸರಿನ ಮೊದಲ್ನೇ ಅಕ್ಷರ ಯಾವ್ದು?"

"ಓಗಿ ಅತ್ಲಾಗೆ. ಪಮ್ಮಿ, ನೀನೇ ಯೋಳೆ" ಎಂದು ಅತ್ತಿಗೆ ನನ್ನ ಕಡೆ ತಿರುಗಿದಳು.

"ಅವ್ಳು ಯೋಳಂಗಿಲ್ಲ. ಯೆಂಡ್ತಿ ನೀನಾ ಅವ್ಳಾ?"

ಅತ್ತಿಗೆಯ ಮುಖ ಕೆಂಪಾಯಿತು. ಆಮೇಲೆ ಗೋಡೆಯ ಕಡೆ ತಿರುಗಿಕೊಂಡು ಎ, ವಿ, ಆರ್, ಯು ಎಂದಳು. ಅವ್ರು. ಅಣ್ಣ ನಕ್ಕು ಚಾಪೆಯ ಮೇಲೆ ಉರುಳಾಡಿಬಿಟ್ಟ. ಅವತ್ತಿನಿಂದ ಆ ಆಟದಲ್ಲಿ ಅವನ ಹೆಸರು ಅವ್ರು, ಅವಳದು ಪವಿ, ಮೂರನೆಯವಳು ಪ್ರಮೀಳಾ ಎಂಬ ನಾನು, ಪಮ್ಮಿ. ಅವ್ರು ಗೆದ್ದರು, ಅವ್ರಿಗೆ ಏಟು ಬಿತ್ತು, ಅವ್ರಿಗೆ ಹೊಸ ಕತ್ತಿ ಸಿಕ್ಕಿತು ಅಂತ ಟಿವಿಯೇ ಅತ್ತಿಗೆಯ ಹಾಗೆ ಮಾತಾಡುತ್ತಿತ್ತು.

ಆ ಆಟದಲ್ಲಿ ಒಂದು ಸುರಂಗ. ಒಂದರ ಕೆಳಗೊಂದು ಐದು ಅಂತಸ್ತು, ಎಲ್ಲ ಕತ್ತಲೆ. ಪಂಜು ಹಿಡಿದರೆ ನಾಲ್ಕು ಹೆಜ್ಜೆ ಕಾಣುತ್ತದೆ, ಆರಿದರೆ ಗೋಡೆ ತಡಕಬೇಕು. ಒಂದು ಅಂತಸ್ತಿನಲ್ಲಿ ನೆಲವೇ ನಮ್ಮನ್ನು ಬೇರೆ ಕಡೆಗೆ ತಿರುಗಿಸಿಬಿಡುತ್ತದೆ. ಇನ್ನೊಂದರಲ್ಲಿ ಕಣ್ಣಿಗೆ ಕಾಣದ ಹಳ್ಳ, ಬಿದ್ದರೆ ಕೆಳಗಿನ ಅಂತಸ್ತಿಗೇ. ತಳದಲ್ಲಿ ಒಂದು ದೀಪ ಉರಿಯುತ್ತಿತ್ತು. ಅದರ ಮುಂದೆ ನಿಂತು ಗುಂಡಿ ಒತ್ತಿದರೆ ಅಲ್ಲಿಯವರೆಗಿನ ಆಟ ಕ್ಯಾಸೆಟ್ಟಿನಲ್ಲಿ ಉಳಿಯುತ್ತಿತ್ತು. ಅದು ಬಿಟ್ಟರೆ ಸುರಂಗದ ಹೊರಗಿನ ಗುಡಿಯಲ್ಲಿ ಮಾತ್ರ. ನಡುವೆ ಕರೆಂಟು ಹೋದರೆ ಮಾಡಿದ್ದೆಲ್ಲ ಮಣ್ಣು. ನಮ್ಮೂರಿನ ಕರೆಂಟಿನ ಬಗ್ಗೆ ನಾನೇನೂ ಹೇಳಬೇಕಾಗಿಲ್ಲ. ಆಟದಲ್ಲಿ ಯಾರಾದರೂ ಸತ್ತರೆ ಬಿಳಿ ಬಟ್ಟೆಯ ಗಂಟಾಗಿಬಿಡುತ್ತಿದ್ದರು. ಉಳಿದವರು ಆ ಗಂಟನ್ನು ಎಳೆದುಕೊಂಡು ಮೇಲೆ ಹತ್ತಿ ಗುಡಿಗೆ ತಂದರೆ ಪೂಜಾರಿ ಎಬ್ಬಿಸುತ್ತಿದ್ದ.

ಒಂದು ಭಾನುವಾರ ಸಾಯಂಕಾಲ, ದೀಪದಿಂದ ಸ್ವಲ್ಪ ದೂರದಲ್ಲಿ, ದೊಡ್ಡ ಬಾವಲಿಯಂಥದ್ದು ಎದುರಾಯಿತು.

"ಓಡಿ ಅಂತ ಒತ್ತಿ" ಎಂದಳು ಅತ್ತಿಗೆ. ಓಡುವುದಕ್ಕೂ ಅದರಲ್ಲಿ ಒಂದು ದಾರಿ ಇತ್ತು.

"ಸುಮ್ಕಿರು, ಎರಡೇಟಿಗೆ ಬೀಳ್ತದೆ."

ಬಿದ್ದದ್ದು ಇವನೇ. ಪವಿ, ಪಮ್ಮಿ ಇಬ್ಬರನ್ನೂ ಹೇಗೋ ದೀಪದ ತನಕ ಓಡಿಸಿ, ಆಟ ಉಳಿಸಿ, ಟಿವಿ ಆರಿಸಿದ. ಎದ್ದು ಮೈ ಮುರಿಯುತ್ತ, "ಇನ್ನು ನೀನೇ ಎತ್ಕೊಂಡು ಓಗ್ಬೇಕು ಕಣೆ ನನ್ನ" ಎಂದ.

"ಬುಡ್ತು ಅನ್ನಿ!" ಅತ್ತಿಗೆ ಗದರಿದಳು.

ಅವನು ಅನ್ನಲಿಲ್ಲ, ನಗುತ್ತ ಕೈಕಾಲು ತೊಳೆಯಲು ಹೋದ.

ಮರುದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದ. ಕರೆಂಟು ಇರಲಿಲ್ಲ. ಬೀದಿಯಿಂದ ಸಣ್ಣಬೀರಯ್ಯ ಕೂಗಿದ, ಅವನ ತೋಟದ ಪಂಪ್‌ಸೆಟ್ ನಿಂತಿತ್ತು. ಅವ್ವ ಹಿತ್ತಲಿನಿಂದ ಎಂದಿನಂತೆ ಅಂಗಡಿಗೆ ಹೋಗಿದ್ದಾನೆ ಅಂತ ಹೇಳಿದಳು. ಅವತ್ತು ಅದ್ಯಾಕೋ ಅಣ್ಣನೇ ಅವ್ವನ ಸುಳ್ಳನ್ನು ಕೆಡಿಸಿದ. "ಇಲ್ಲೇ ಇವ್ನಿ ಕಣಣ್ಣೋ, ಬತ್ತೀನಿ" ಎಂದು ಕೈ ತೊಳೆದುಕೊಂಡು ಹೊರಟ. ಹೇಗೂ ಕರೆಂಟು ಇಲ್ಲವಲ್ಲ ಅಂತ ಕಂಬದಲ್ಲಿ ಫ್ಯೂಸು ಕೀಳಲಿಲ್ಲ. ಒದ್ದೆ ನೆಲದಲ್ಲಿ ನಿಂತು ಕೈಯಲ್ಲಿ ವೈರು ಹಿಡಿದಿದ್ದಾಗ ಕರೆಂಟು ಬಂತು.

ನಮ್ಮಣ್ಣನಿಗೆ ಆಗ ಇಪ್ಪತ್ತೇಳು. ಇದಕ್ಕಿಂತ ಹೆಚ್ಚಿಗೆ ಬರೆಯಲು ನನ್ನಿಂದ ಆಗುವುದಿಲ್ಲ.

ಹನ್ನೊಂದನೇ ದಿನದ ಕಾರ್ಯ ಮುಗಿಯಿತು, ನೆಂಟರು ಹೋದರು. ಅತ್ತಿಗೆ ಅತ್ತಿರಲಿಲ್ಲ. ಬಳೆ ಒಡೆಯುವಾಗಲೂ ಕಲ್ಲಿನಂತೆ ಕೂತಿದ್ದಳು. ಅಂಗಡಿಯಲ್ಲಿದ್ದ ಟಿವಿ, ರೇಡಿಯೋಗಳನ್ನು ಅವರವರು ಬಂದು ತೆಗೆದುಕೊಂಡು ಹೋದರು. ಕೊನೆಗೆ ನೀಲಕಂಠಸ್ವಾಮಿಯವರೂ ಹೇಳಿಕಳಿಸಿದರು, ಬರುವ ಸೋಮವಾರ ಬಂದು ಗೇಮನ್ನು ತೆಗೆದುಕೊಂಡು ಹೋಗುತ್ತೇನೆ ಅಂತ. ಆ ಮಾತು ಕೇಳಿದ್ದೇ ಅತ್ತಿಗೆ ಮೂಲೆಯಿಂದ ಎದ್ದಳು.

"ಅವ್ರು ಇನ್ನೂ ಕೆಳಗೇ ಅವ್ರೆ ಕಣೆ ಪಮ್ಮಿ."

ನಾನು ತಿರುಗಿ ನೋಡಿದೆ. ಅವಳು ಟಿವಿಯ ಕಡೆ ನೋಡುತ್ತಿದ್ದಳು.

"ಉಚ್ಚು ಇಡ್ದದೆ ಅನ್ಕೋಬ್ಯಾಡ. ಆಟ ಅಂತ ನಂಗೂ ಗೊತ್ತು. ಎತ್ಕೊಂಡು ಓಗು ಅಂದಿದ್ರು ನಂಗೆ. ಅಷ್ಟಾದ್ರೂ ಮಾಡ್ತೀನಿ. ಆ ಕತ್ಲೇಲಿ ಬುಟ್ಟು ಯಾರ್ದೋ ಮನೆಗೆ ಕಳ್ಸಾಕೆ ಆಗಾಕಿಲ್ಲ ನನ್ ಕೈಲಿ."

ಬೆಳಗ್ಗೆ ಸೊಪ್ಪು ಕಟ್ಟುವುದು, ಮಧ್ಯಾಹ್ನ ಕರೆಂಟು ಇದ್ದರೆ ಸುರಂಗ. ಅವಳಿಗೆ ಯಾವ ಗುಂಡಿ ಯಾವುದಕ್ಕೆ ಅಂತಲೂ ಗೊತ್ತಿರಲಿಲ್ಲ. ಕತ್ತಿ ಎತ್ತಲು ಹೋಗಿ ಪಂಜು ಆರಿಸುತ್ತಿದ್ದಳು, ಎಡಕ್ಕೆ ಹೋಗಲು ಹೋಗಿ ಗೋಡೆಗೆ ಗುದ್ದುತ್ತಿದ್ದಳು. ದೀಪದಿಂದ ಹೊರಟು, ಸತ್ತು, ಮತ್ತೆ ದೀಪದ ಹತ್ತಿರಕ್ಕೆ. ತಿರುಗುವ ನೆಲದ ಅಂತಸ್ತಿನ ತನಕ ಬಂದಾಗ ಕರೆಂಟು ಹೋಗುತ್ತಿತ್ತು. ನಾನು ಕರೆಂಟಿನವರಿಗೆ ಬಾಯಿಗೆ ಬಂದ ಹಾಗೆ ಬಯ್ಯುತ್ತಿದ್ದೆ. ಅವಳು ಮಾತ್ರ ಗುಂಡಿಗಳ ಮೇಲೆ ಕೂತಿದ್ದ ಸೊಪ್ಪಿನ ಅಂಟನ್ನು ಸೆರಗಿನಿಂದ ಒರೆಸುತ್ತ ಕೂತಿರುತ್ತಿದ್ದಳು.

ಪಕ್ಕದ ಮನೆಯ ಪುಟ್ಟಸಿದ್ದಮ್ಮ ಬಾಗಿಲಲ್ಲಿ ನಿಂತು, "ಗಂಡ ಸತ್ತು ತಿಂಗಳಾಗಿಲ್ಲ, ಟಿವಿ ಗೇಮಂತೆ" ಎಂದಳು. "ನೀನು ಸತ್ರೆ ನಿನ್ ಗಂಡ ಅದೇ ದಿನ ಇಸ್ಪೀಟ್ ಆಡ್ತಾನೆ, ಓಗಮ್ಮ" ಎಂದೆ ನಾನು. ಆಮೇಲೆ ಒಂದು ವರ್ಷ ಅವಳು ನನ್ನ ಜೊತೆ ಮಾತಾಡಲಿಲ್ಲ, ಅದರಿಂದ ನನಗೇನೂ ನಷ್ಟವಾಗಲಿಲ್ಲ. ಅವ್ವ ಹಿತ್ತಲು ಬಿಟ್ಟು ಒಳಗೆ ಬರುವುದನ್ನೇ ಕಮ್ಮಿ ಮಾಡಿದ್ದಳು. ಸೊಪ್ಪಿನ ರಾಶಿಯ ಮುಂದೆ ಕೂತರೆ ಕತ್ತಲಾಗುವ ತನಕ ಏಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕರೆಂಟಿಗೆ ಕಾಯುತ್ತ ಕೂತಿದ್ದಾಗ ಅತ್ತಿಗೆ ಇದ್ದಕ್ಕಿದ್ದ ಹಾಗೆ ಹೇಳಿದಳು. "ಆವತ್ತು ಕರೆಂಟ್ ಬಂದಾಗ ನಂಗೆ ಖುಷಿ ಆಯ್ತು ಕಣೆ. ಬಂತು, ಇನ್ನು ಅವ್ರು ಬಂದ್ ತಕ್ಷಣ ಆಡ್ಬೋದು ಅಂತ ಟಿವಿ ಆಕ್ದೆ. ಚಾಪೆ ಆಸ್ದೆ. ಅಲ್ಲಿ ಅವ್ರು ಅಂಗೆ ಬಿದ್ದಿದ್ರು, ಇಲ್ಲಿ ನಾನು ಚಾಪೆ ಆಸ್ತಿದ್ದೆ." ನಾನು ಅವಳನ್ನು ತಬ್ಬಿಕೊಂಡೆ. ಅವಳು ಆಗಲೂ ಅಳಲಿಲ್ಲ, ನಾನೇ ಅತ್ತೆ.

ಸೋಮವಾರ ಬಂತು. ಮಧ್ಯಾಹ್ನ ಅವಳು ದೀಪದಿಂದ ಹೊರಟ ಸ್ವಲ್ಪ ಹೊತ್ತಿಗೇ ನೀಲಕಂಠಸ್ವಾಮಿಯವರು ಬಂದರು. ವಯಸ್ಸಾದವರು, ಬಿಳಿ ಷರಟು, ಕೈಯಲ್ಲಿ ಖಾಲಿ ಬ್ಯಾಗು. "ಒಸಿ ಕೂತ್ಕೊಳ್ಳಿ ಸಾರ್, ಈಗ ಕೊಡ್ತೀವಿ" ಎಂದು ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟೆ. ಅವರು ಒಳಗೆ ಇಣುಕಿ ನೋಡಿದರು. ಬರಿಗೈಯ, ಬರಿಹಣೆಯ ಹುಡುಗಿ ಟಿವಿಯ ಮುಂದೆ ಉಸಿರು ಬಿಗಿಹಿಡಿದು ಕೂತಿದ್ದಳು. ಏನು ಅರ್ಥವಾಯಿತೋ, ಅವಸರವಿಲ್ಲ ಕಣಮ್ಮ ಎಂದು ಬೀದಿಯ ಕಡೆ ಮುಖ ಮಾಡಿ ಕೂತರು.

ಅವತ್ತು ಅತ್ತಿಗೆ ಒಂದು ಕಡೆಯೂ ಬಡಿದಾಡಲಿಲ್ಲ. ಏನು ಎದುರಾದರೂ ಓಡು. ಬಾವಲಿ ಬಂದರೆ ಓಡು, ಬುರುಡೆ ಬಂದರೆ ಓಡು. "ಆಗ್ಲೂ ಇದನ್ನೇ ಯೋಳ್ದೆ" ಎಂದು ಹಲ್ಲು ಕಚ್ಚಿಕೊಂಡು ಗುಂಡಿ ಒತ್ತುತ್ತಿದ್ದಳು. ತಿರುಗುವ ನೆಲ ದಾಟಿದಳು. ಹಳ್ಳಗಳ ಅಂತಸ್ತಿನಲ್ಲಿ ಗೋಡೆಗೆ ಒತ್ತಿಕೊಂಡೇ ನಡೆದಳು. ಅಲ್ಲಿ ಪಮ್ಮಿ ಸತ್ತಳು. ನಾನು ಸತ್ತದ್ದನ್ನು ನೋಡಿ ಇಬ್ಬರಿಗೂ ನಗು ಬಂತು, ಅಷ್ಟು ದಿನದಲ್ಲಿ ಆ ಮನೆಯೊಳಗೆ ನಕ್ಕದ್ದು ಅದೇ ಮೊದಲು. ಪವಿ ಒಬ್ಬಳೇ ಉಳಿದಳು, ಹಿಂದೆ ಎರಡು ಬಿಳಿ ಗಂಟು. ಕೊನೆಯ ಮೆಟ್ಟಿಲಿನ ಹತ್ತಿರ ಪಂಜು ಆರಿತು. ಕತ್ತಲಲ್ಲಿ ತಡಕಿ ತಡಕಿ ಹತ್ತಿದಳು. ಟಿವಿಯ ತುಂಬ ಬೆಳಕಾಯಿತು, ಹಸಿರು ಹುಲ್ಲು, ಎದುರಿಗೆ ಗುಡಿ. ಕರೆಂಟು ಇನ್ನೂ ಇತ್ತು.

ಪೂಜಾರಿ, ಯಾರನ್ನು ಎಬ್ಬಿಸಲಿ ಎಂದು ಕೇಳಿದ. ಎರಡು ಹೆಸರು ಕಂಡವು. ಅತ್ತಿಗೆ ಕೈ ಸೆರಗಿಗೆ ಒರೆಸಿಕೊಂಡು ಅವ್ರು ಎಂಬುದರ ಮೇಲೆ ಒತ್ತಿದಳು. ಗಂಟೆಯ ಸದ್ದಾಯಿತು. ಬಿಳಿ ಗಂಟು ಮಾಯವಾಗಿ, ಹೆಸರುಕಾಳಿನಷ್ಟು ದೊಡ್ಡ ಅಣ್ಣ ಕತ್ತಿ ಹಿಡಿದು ಎದ್ದು ಎಲ್ಲರಿಗಿಂತ ಮುಂದೆ ಬಂದು ನಿಂತ.

ನಿಂತೇ ಇದ್ದ. ಅತ್ತಿಗೆ ಗುಂಡಿಗಳ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಬಿಟ್ಟಿದ್ದಳು. ಅವನು ಎದ್ದ ಮೇಲೆ ಮುಂದಿನದನ್ನು ಅವನೇ ನೋಡಿಕೊಳ್ಳುತ್ತಾನೆ ಅಂತ ಅವಳ ಕೈಗೆ ಅನ್ನಿಸಿರಬೇಕು, ಯಾವಾಗಲೂ ಹಾಗೇ ತಾನೇ ಆಗಿದ್ದದ್ದು.

"ನಡೀರಿ" ಎಂದಳು ಮೆಲ್ಲಗೆ.

ಅವನು ನಡೆಯಲಿಲ್ಲ.

"ಮೇಲಕ್ಕೆ ತಂದ್ನಲ್ಲ. ಇನ್ನು ನಡೀರಿ, ಅಂದ್ರೆ."

ನನಗೆ ತಡೆಯಲಾಗಲಿಲ್ಲ. "ಅತ್ಗೆ, ನೀನೇ ಒತ್ಬೇಕು" ಎಂದೆ. ಅವಳು ನನ್ನ ಮುಖ ನೋಡಿದಳು. ಅಷ್ಟು ದಿನ ಎಲ್ಲಿತ್ತೋ ಅದೆಲ್ಲ ಒಂದೇ ಸಲ ಅವಳ ಮುಖಕ್ಕೆ ಬಂತು. ಟಿವಿಯ ಗಾಜಿಗೆ ಎರಡೂ ಕೈ ಒತ್ತಿ, ಮದುವೆಯಾದಾಗಿನಿಂದ ಒಂದು ಸಲವೂ ಬಾಯಿಗೆ ತಾರದ ಹೆಸರನ್ನು, ಇನ್ನು ಆಯಸ್ಸಿನ ಭಯವೇ ಇಲ್ಲದವಳ ಹಾಗೆ, ಬೀದಿಗೆಲ್ಲ ಕೇಳುವಂತೆ ಕೂಗಿದಳು.

"ಶಿವಶಂಕರಾ!"

ಅವಳ ಗಂಟಲಲ್ಲಿ ಆ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ, ಅವ್ವನೂ ಕೇಳಿರಲಿಲ್ಲ. ಹಿತ್ತಲಿನಲ್ಲಿ ಸೊಪ್ಪು ಕಟ್ಟುತ್ತ ಕೂತಿದ್ದ ಅವ್ವ ಬೀದಿಯಿಂದ ಯಾರೋ ಹೆಂಗಸು ಕರೆದಳು ಅಂದುಕೊಂಡಳು.

"ಮನೇಲಿಲ್ಲ ಕಣವ್ವೋ" ಎಂದು ಅಲ್ಲಿಂದಲೇ ಕೂಗಿ ಹೇಳಿದಳು, "ಅಂಗ್ಡಿಗೆ ಓಗವ್ನೆ."

ಸ್ವಲ್ಪ ಹೊತ್ತು ಹಿತ್ತಲಿನಿಂದ ಎಲೆಯ ಸರಸರ ಸದ್ದು ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು.