ಎಡಗಿವಿಯ ಮರುದನಿ

ಐನಾಪುರದಲ್ಲಿ ಸಣ್ಣ ರೆಕಾರ್ಡಿಂಗ್ ಸ್ಟುಡಿಯೊ ನಡೆಸುತ್ತಿದ್ದ, ನಾವು ಅಣ್ಣಾರ ಎಂದು ಕರೆಯುತ್ತಿದ್ದ ಹಿರಿಯರೊಬ್ಬರು ಎಲ್ಲರಿಗೂ "ತಡೀರಿ, ಅವಸರ ಬ್ಯಾಡ್ರಿ" ಎನ್ನುತ್ತಿದ್ದರು. ಅಂದು ನಾನು ಹಾಡಿದ ಭಜನೆಪದದಲ್ಲಿ ನನ್ನ ಒಂಟಿ ದನಿ ತೀರಾ ಬಡವಾಗಿ ಕೇಳುತ್ತಿತ್ತು. ಅವರು ಕಂಪ್ಯೂಟರಿನಲ್ಲಿ ದನಿಯನ್ನು ತುಸು ತಡೆದು ಮರಳಿಸುವ ಡಿಲೇ ಹಾಕಿ, ಎಡಗಡೆಯ ಮರುದನಿ ಬೇಗ, ಬಲಗಡೆಯದು ತುಸು ತಡವಾಗಿ ಬರುವಂತೆ ಹೊಂದಿಸತೊಡಗಿದರು. ನಡುನಡುವೆ ಹೆಡ್‌ಫೋನ್ ತಿರುಗಿಸಿ, ಎಡದ್ದನ್ನು ಬಲಗಿವಿಗೆ ಇಟ್ಟುಕೊಳ್ಳುತ್ತಿದ್ದರು.

"ಯಾಕ್ರೀ ಅಣ್ಣಾರ, ಹಂಗ?" ಎಂದೆ.

"ನಾ ಸಣ್ಣಾಂವ ಇದ್ದಾಗಿಂದ ಎಡಗಿವಿ ಕೇಳಂಗಿಲ್ಲವ್ವಾ."

ಮುಗಿಸಿ ಹೆಡ್‌ಫೋನ್ ನನಗೆ ಕೊಟ್ಟರು. ನನ್ನದೇ ದನಿ ಎಡಕ್ಕೆ ಹೋಗಿ, ಬಲಕ್ಕೆ ಹಾಯ್ದು, ಸುತ್ತ ಹತ್ತು ಮಂದಿ ಕೂತು ಹಾಡಿದಂತೆ ತುಂಬಿಕೊಂಡಿತು. ಕಣ್ಣು ಮುಚ್ಚಿ ಕೇಳಿದೆ. ಕಣ್ಣು ತೆರೆದಾಗ ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಎರಡೂ ಕೂಡಿ ಹೆಂಗ ಕೇಳಾಕತ್ತೈತಿ? ಹೇಳವ್ವಾ."

ನಾನು ಹೆಡ್‌ಫೋನನ್ನು ಎರಡೂ ಕಿವಿಗೆ ಒತ್ತಿ ಹಿಡಿದು, ಇನ್ನೊಮ್ಮೆ ಹಾಕಿರೆಂದು ಕೈಸನ್ನೆ ಮಾಡಿದೆ.

"ಗೊತ್ತಾತು ಬಿಡವ್ವಾ," ಎಂದು ನಕ್ಕು, ಅದನ್ನು ಹಾಗೇ ಸೇವ್ ಮಾಡಿದರು.