ಹಂಡೆ ನಮ್ಮದೆಂದು ಕೂಗಿದ ದಿನ

ಮದುವೆಯಾಗಿ ಮೂವತ್ತೈದು ವರ್ಷವಾಗಿದ್ದರೂ ನಾನೂ ನನ್ನ ಯಜಮಾನರೂ ಇಬ್ಬರೇ ಸುಮ್ಮನೆ ಎಲ್ಲಿಗೂ ಹೋದವರಲ್ಲ. ಹೋದರೆ ಮದುವೆಗೆ, ತಿಥಿಗೆ, ಇಲ್ಲವೇ ಆಸ್ಪತ್ರೆಗೆ. ತೊಂಬತ್ತರ ದಶಕದ ನಡುವಿನ ಒಂದು ವರ್ಷ, ಭತ್ತದ ಕೊಯ್ಲು ಮುಗಿದು ಕೈ ಬಿಡುವಾಗಿದ್ದಾಗ, ಒಂದು ಭಾನುವಾರ ಡೈರಿಗೆ ಹಾಲು ಹಾಕಿ ಬಂದವರು ಬಾಗಿಲಲ್ಲೇ ನಿಂತು, "ಬಾಮ್ಮಿ, ಶ್ರೀರಂಗಪಟ್ಣದ ಗುಜರಿ ಸಂತೆಗೆ ಓಗ್ಬರವ" ಎಂದರು. ಮೇವು ಕತ್ತರಿಸುವ ಯಂತ್ರದ ಅಲಗು ಮುರಿದಿತ್ತು. ಅಂಥದ್ದೇ ಹಳೆಯದೊಂದು ಅಲ್ಲಿ ಸಿಗುತ್ತದೆಂದು ಯಾರೋ ಹೇಳಿದ್ದರಂತೆ. ಅಲಗು ತರುವುದಕ್ಕೆ ನಾನು ಯಾಕೆ ಬೇಕು ಎಂದು ಕೇಳಲಿಲ್ಲ. ಒಳಗೆ ಹೋಗಿ ಒಳ್ಳೆಯ ಸೀರೆ ಉಟ್ಟುಕೊಂಡೆ.

ನಮ್ಮೂರು ಹೊಸಹೊಳಲಿನ ಹತ್ತಿರ. ಕೆ.ಆರ್. ಪೇಟೆಯಲ್ಲಿ ಬಸ್ಸು ಹತ್ತಿ, ಪಾಂಡವಪುರದಲ್ಲಿ ಇಳಿದು ಇನ್ನೊಂದು ಹಿಡಿದೆವು. ಕಿಟಕಿ ಪಕ್ಕ ನನ್ನನ್ನೇ ಕೂರಿಸಿದರು. ಹೋಟೆಲಿನಲ್ಲಿ ದೋಸೆ ತಿಂದೆವು. ಎದುರುಬದುರು ಕೂತು ತಿನ್ನಲು ನನಗೆ ನಾಚಿಕೆಯಾಗಿ ತಲೆ ಬಗ್ಗಿಸಿಕೊಂಡೇ ತಿಂದೆ.

ಅವರು ಕೈ ಎತ್ತದ ಮನುಷ್ಯರು ಎಂದು ಬರೆದರೆ ಸುಳ್ಳಾಗುತ್ತದೆ. ಹರೆಯದಲ್ಲಿ ಎತ್ತುಗಳಿಗೆ ಬಿದ್ದಂತೆ ನನಗೂ ಏಟು ಬಿದ್ದಿವೆ. ಐವತ್ತು ದಾಟಿದ ಮೇಲೆ ಅದು ತಾನಾಗಿ ನಿಂತಿತ್ತು. ಆ ದಿನ ಬೆಳಿಗ್ಗೆ ಬಸ್ಸಿನಲ್ಲಿ ಪಕ್ಕ ಕೂತವರು ಅದೇ ಮನುಷ್ಯರೇ ಎಂದು ನಾನೇ ಅಚ್ಚರಿಪಟ್ಟಿದ್ದೆ.

ಸಂತೆ ಊರಾಚೆಯ ದೊಡ್ಡ ಬಯಲಿನಲ್ಲಿ ನಡೆಯುತ್ತಿತ್ತು. ಕಣ್ಣು ಹಾಯುವಷ್ಟು ದೂರ ಗೋಣಿತಾಟಿನ ಮೇಲೆ ಹಳೇ ಸಾಮಾನು. ಲಾರಿಯ ಪಟ್ಟಿಗಳು, ಕೈಮುರಿದ ಕುರ್ಚಿಗಳು, ಸೈಕಲ್ ಚೈನು, ಪಂಪ್‌ಸೆಟ್ಟಿನ ಬಿಡಿಭಾಗ, ಕೆಟ್ಟ ರೇಡಿಯೋ, ಕಿತ್ತು ತಂದ ಬಾಗಿಲು, ಯಾರದೋ ಮನೆಯ ತೊಟ್ಟಿಲು. ಅವರು ಅಲಗಿಗಾಗಿ ಕಬ್ಬಿಣದ ರಾಶಿ ಕೆದಕುತ್ತಿದ್ದಾಗ ನಾನು ಪಾತ್ರೆಗಳ ಕಡೆ ನಡೆದೆ.

ಅಲ್ಲಿ ನಮ್ಮದೇ ವಯಸ್ಸಿನ ಗಂಡ ಹೆಂಡತಿ ಹಳೇ ತಾಮ್ರ ಹಿತ್ತಾಳೆ ಹರಡಿಕೊಂಡು ಕೂತಿದ್ದರು. ಆತ ಬಟ್ಟೆಯಿಂದ ಚೊಂಬು ಉಜ್ಜುತ್ತಿದ್ದ. ಆಕೆ ತಕ್ಕಡಿ ಹಿಡಿದಿದ್ದಳು. ಅವರ ಹಿಂದೆ ಒಂದು ತಾಮ್ರದ ಹಂಡೆ ಇತ್ತು. ಹಿಂದಿನ ವರ್ಷ ನಾವು ಒಂದು ತಿಥಿಗೆ ಹೋಗಿದ್ದಾಗ ಕಳ್ಳರು ಹಿತ್ತಲ ಗೋಡೆ ಕೊರೆದು ಬಚ್ಚಲ ಒಲೆಯ ಮೇಲಿದ್ದ ಅತ್ತೆಯವರ ಕಾಲದ ಹಂಡೆಯನ್ನು ಹೊತ್ತೊಯ್ದಿದ್ದರು. ಅದೇ ಕಂಠ, ಅದೇ ಹೊಟ್ಟೆ.

"ರೀ, ಬನ್ನಿ ಇಲ್ಲಿ! ನಮ್ಮಂಡೆ! ಕಳ್ಳ ಸಿಕ್ಕವ್ನೆ!" ಎಂದು ಕೂಗಿದೆ.

ಆ ಕೂಗು ನನ್ನದು. ಬೇರೆ ಯಾರದ್ದೂ ಅಲ್ಲ.

ಚೊಂಬು ಉಜ್ಜುತ್ತಿದ್ದ ಮುದುಕ ಎದ್ದು ನಿಂತು ಕೈ ಮುಗಿದ. "ನಿಮ್ದಲ್ಲ ಕಣವ್ವ. ನಾಗಮಂಗಲದಲ್ಲಿ ಮನೆ ಕೆಡವ್ದೋರತ್ರ ತಂದಿರದು. ತಿರುಗ್ಸಿ ನೋಡವ್ವ" ಎಂದ. ನಾನು ತಿರುಗಿಸಿ ನೋಡಲಿಲ್ಲ. "ಕದ್ದಿರೋನು ಇನ್ನೇನಂದಾನು!" ಎಂದೆ. ಅಷ್ಟರಲ್ಲಿ ಯಜಮಾನರು ಬಂದರು. ಮಾತೇ ಆಡದೆ ಮುದುಕನ ಕೆನ್ನೆಗೆ ಬಾರಿಸಿದರು. ಎರಡನೆಯ ಏಟಿಗೆ ಆತನ ಬಾಯಿಂದ ರಕ್ತ ಬಂತು. ಮೂರನೆಯದಕ್ಕೆ ಪಾತ್ರೆಗಳ ಮೇಲೆ ಬಿದ್ದ. ಬಿಂದಿಗೆ ಚೊಂಬುಗಳು ಸದ್ದು ಮಾಡುತ್ತಾ ಉರುಳಿದವು.

ಕಳ್ಳ ಎಂಬ ಒಂದು ಮಾತಿಗೆ ಬಯಲೆಲ್ಲ ಓಡಿಬಂತು. ಯಾರಿಗೂ ಹಂಡೆ ಯಾವುದೆಂದು ಗೊತ್ತಿಲ್ಲ, ಮುದುಕ ಯಾರೆಂದು ಗೊತ್ತಿಲ್ಲ. "ಒದೀರ್ಲಾ ಇವ್ನ! ನಮ್ಮೂರ್ ಗುಡೀಲೂ ದೀಪದ ಕಂಬ ಕದ್ದವ್ರೆ!" ಎಂದು ಒಬ್ಬ ಅರಚಿದ. ಅಲ್ಲಿ ಆಯುಧ ಹುಡುಕಬೇಕಾಗಿರಲಿಲ್ಲ, ಸುತ್ತ ಹರಡಿದ್ದೆಲ್ಲ ಕಬ್ಬಿಣವೇ. ಒಬ್ಬ ಸೈಕಲ್ ಚೈನು ಎತ್ತಿಕೊಂಡ. ಇನ್ನೊಬ್ಬ ಕುರ್ಚಿಯ ಕಾಲು ಕಿತ್ತ. ಮುದುಕನ ಪಂಚೆ ಬಿಚ್ಚಿಹೋಯಿತು. ಮೊಣಕಾಲು ಎದೆಗೆ ಒತ್ತಿಕೊಂಡು ಮಗುವಿನಂತೆ ಸುರುಟಿಕೊಂಡ. ಚೈನು ಆತನ ಮುಖದ ಮೇಲೆ ಬಿದ್ದಾಗ ಬಂದ ಸದ್ದು ಒದ್ದೆ ಬಟ್ಟೆ ಕಲ್ಲಿಗೆ ಒಗೆದಂತಿತ್ತು. ನಾನು ನೋಡುತ್ತಾ ನಿಂತಿದ್ದೆ. ಮೊದಮೊದಲು ನನಗೆ ತೃಪ್ತಿಯೇ ಆಯಿತು. ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಆತನ ಹೆಂಡತಿ, "ಬುಡ್ರಪ್ಪೋ, ಜೀವ ಓಯ್ತದೆ!" ಎಂದು ಒಬ್ಬೊಬ್ಬರ ಕಾಲು ಹಿಡಿದಳು. ಯಾರೂ ಕೇಳದಿದ್ದಾಗ ತೂಕದ ಬಟ್ಟು ಎತ್ತಿ ಬೀಸಿ ಒಗೆದಳು. ಅದು ಯಜಮಾನರ ಹುಬ್ಬಿನ ಮೇಲೆ ತಗುಲಿತು. ರಕ್ತ ಕಣ್ಣಿಗಿಳಿದು ಅವರು ಕುರುಡರಂತೆ ತಡವರಿಸಿದರು, ಆಮೇಲೆ ಪಕ್ಕದ ರಾಶಿಯಿಂದ ಕಬ್ಬಿಣದ ಸಲಾಕೆಯೊಂದನ್ನು ಎಳೆದುಕೊಂಡರು.

ಆಗಲೇ ಯಾರದೋ ಕಾಲು ತಾಕಿ ಹಂಡೆ ಬೋರಲಾಗಿ ನನ್ನ ಮುಂದೆ ಬಿತ್ತು. ನಮ್ಮ ಹಂಡೆಯ ತಳ ತೂತಾಗಿ ಅಂಗೈ ಅಗಲದ ತೇಪೆ ಹಾಕಿಸಿದ್ದೆವು. ಮೂವತ್ತು ವರ್ಷ ಹುಣಸೆಹಣ್ಣು ಹಚ್ಚಿ ಅದನ್ನು ಬೆಳಗಿದವಳು ನಾನು. ಈ ಹಂಡೆಯ ತಳ ನುಣ್ಣಗಿತ್ತು. ತೇಪೆಯ ಗುರುತೂ ಇರಲಿಲ್ಲ.

"ನಮ್ದಲ್ಲ! ನಮ್ದಲ್ಲ ಕಣ್ರೋ, ನಿಲ್ಸಿ!" ಎಂದು ಕಿರುಚಿದೆ. ಮೊದಲ ಕೂಗಿಗೆ ಬಯಲೇ ಬಂದಿತ್ತು, ಈ ಕೂಗು ಪಕ್ಕದವನಿಗೂ ಮುಟ್ಟಲಿಲ್ಲ. ಜನರ ಕಾಲುಗಳ ನಡುವೆ ನುಗ್ಗಿ ಮುದುಕನ ಮೇಲೆ ಬಿದ್ದುಕೊಂಡೆ. ಬೆನ್ನಿಗೆ ಎರಡು ಒದೆ ಬಿದ್ದವು. ಮೂರನೆಯದು ಸಲಾಕೆಯ ಏಟು. ಅಡ್ಡ ಹಿಡಿದಿದ್ದ ನನ್ನ ಬಲಗೈ ಮಣಿಕಟ್ಟಿನ ಮೇಲ್ಗಡೆ ಮುರಿಯಿತು. ಮೂಳೆ ಮುರಿದದ್ದು ನನಗೇ ಕೇಳಿಸಿತು.

ಹೊಡೆದವರು ಯಜಮಾನರು. ನನ್ನ ಸೀರೆ ಗುರುತು ಸಿಕ್ಕಿ ಸಲಾಕೆ ಕೈಬಿಟ್ಟರು.

"ಅಂಡೆ ನಮ್ದಲ್ಲ" ಎಂದೆ. ಅವರು ಹಂಡೆಯ ತಳ ನೋಡಿದರು, ನನ್ನ ಕೈ ನೋಡಿದರು, ಮುದುಕನ ಮುಖ ನೋಡಿದರು. ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತರು. ಜನ ಬಂದಷ್ಟೇ ಬೇಗ ಕರಗಿದರು. ಚೈನು ಹಿಡಿದಿದ್ದವನು ಅದನ್ನು ಎತ್ತಿಕೊಂಡಿದ್ದ ಜಾಗದಲ್ಲೇ ನೀಟಾಗಿ ಇಟ್ಟು ಹೋದ.

ಒಂದೇ ಆಟೋದಲ್ಲಿ ನಾಲ್ವರೂ ಆಸ್ಪತ್ರೆಗೆ ಹೋದೆವು. ಮುದುಕನ ಎಡಗಣ್ಣು ಊದಿ ಮುಚ್ಚಿಹೋಗಿತ್ತು. ಎರಡು ಪಕ್ಕೆಲುಬು ಮುರಿದಿದ್ದವು. ಕಾನ್‌ಸ್ಟೇಬಲ್ ಬಂದು ಮುದುಕನ ಹೆಸರು, ನಾಗಮಂಗಲದ ಆತನ ಬೀದಿ ಬರೆದುಕೊಂಡು, "ಯಾರ್ ಒಡುದ್ರು?" ಎಂದು ಕೇಳಿದರು. ಮುದುಕ ಒಡೆದ ತುಟಿಯಲ್ಲೇ, "ಯಾರೂ ಇಲ್ಲ ಸಾ, ಬಿದ್ಬುಟ್ಟೆ" ಎಂದ. ದೂರು ಕೊಟ್ಟರೆ ಒಂದೊಂದು ಪಾತ್ರೆಯೂ ಎಲ್ಲಿಂದ ಬಂತೆಂದು ಆತನೇ ಹೇಳಬೇಕಾಗುತ್ತಿತ್ತು. ಹೊಡೆದವರು ಎರಡು ಮಾರು ದೂರದಲ್ಲಿ ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡು ಕೂತಿದ್ದರು. ಅವರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಮನೆಗೆ ಬಂದ ಮೇಲೆ ನನ್ನ ಕೈ ಒಂದೂವರೆ ತಿಂಗಳು ಪಟ್ಟಿಯಲ್ಲಿತ್ತು. ಯಜಮಾನರೇ ಹಿಟ್ಟು ತಿರುವಿ ಮುದ್ದೆ ಕಟ್ಟಿದರು, ನನ್ನ ತಲೆ ಬಾಚಿದರು. ಹಗ್ಗ ಹೊಸೆದ ಕೈ, ಜಡೆ ಬಿಗಿಯಾಗಿ ನೆತ್ತಿ ನೋಯುತ್ತಿತ್ತು. ಒಂದು ದಿನ ಬಾಚುತ್ತಾ, "ನೀ ಅಂತ ಗೊತ್ತಾಗ್ನಿಲ್ಲ ಕಣಮ್ಮಿ" ಎಂದರು. "ನಾನಲ್ದೆ ಇದ್ದಿದ್ರೆ?" ಎಂದೆ. ಬಾಚಣಿಗೆ ನಿಂತಿತು.

ಯುಗಾದಿ ಕಳೆದ ಮೇಲೆ ನಾನೊಬ್ಬಳೇ ನಾಗಮಂಗಲಕ್ಕೆ ಹೋದೆ. ಕಾನ್‌ಸ್ಟೇಬಲ್ ಬರೆದುಕೊಳ್ಳುವಾಗ ಕೇಳಿದ್ದ ಬೀದಿ ನೆನಪಿತ್ತು. ಮುದುಕ ಜಗಲಿಯ ಮೇಲೆ ಬಿಸಿಲಿಗೆ ಕೂತಿದ್ದ. ಎಡಗಣ್ಣು ಬಿಳಿಚಿಕೊಂಡು ಕದಲದೆ ನಿಂತುಬಿಟ್ಟಿತ್ತು. "ಯಾರವ್ವ?" ಎಂದ. ನಾನು ಹೇಳುವ ಮೊದಲೇ ಆತನ ಹೆಂಡತಿ ಹೊರಗೆ ಬಂದು ಗುರುತು ಹಿಡಿದಳು. ಎರಡು ಹೆಜ್ಜೆಯಲ್ಲಿ ಹತ್ತಿರ ಬಂದು ನನ್ನ ಕೆನ್ನೆಗೆ ಹೊಡೆದಳು. ಕಿವಿ ಗುಂಯ್ ಎಂದಿತು. ಇನ್ನೊಂದು ಕೆನ್ನೆಗೂ ಹೊಡೆದಳು. ನಾನು ಕೈ ಅಡ್ಡ ಹಿಡಿಯಲಿಲ್ಲ.

"ತಿರುಗ್ಸಿ ನೋಡವ್ವ ಅಂತ ಕೈ ಮುಗುದ್ನಲ್ಲ, ಯಾಕ್ ನೋಡ್ನಿಲ್ಲ ನೀನು?" ಎಂದಳು.

"ತಪ್ಪಾಯ್ತು" ಎಂದೆ. ಆಕೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮುದುಕ ನನ್ನ ಕಡೆ ತಿರುಗದೆ, "ಓಗವ್ವ, ಬಸ್ ತಪ್ಪೋಯ್ತದೆ" ಎಂದ.

ಮನೆಯಲ್ಲಿ ಯಜಮಾನರು ನನ್ನ ಕೆನ್ನೆಯ ಮೇಲಿನ ಬೆರಳ ಗುರುತು ನೋಡಿದರು. ಬೀದಿಯ ಹೆಸರೊಂದನ್ನೇ ಕೇಳಿದರು. ಮುಂದಿನ ವಾರ ಅವರೂ ಹೋಗಿ ಸಂಜೆಗೆ ವಾಪಸು ಬಂದರು. ತುಟಿ ಒಡೆದಿತ್ತು, ಅಂಗಿಯ ಎರಡು ಗುಂಡಿ ಕಿತ್ತುಹೋಗಿದ್ದವು. ಅಂಗಿ ಬಿಚ್ಚಿ ಕೊಟ್ಟರು. ನಾನು ಸೂಜಿಗೆ ದಾರ ಪೋಣಿಸಿ ಗುಂಡಿ ಹಾಕಲು ಕೂತೆ.