ಪ್ರಮೀಥಿಯಸ್ ಕಾಲಿಗೆ ಬೀಳಲಿಲ್ಲ

ಕೊಲ್ಲಿ ದೇಶದ ಮನಾಮಾ ನಗರದ ಅದ್ಲಿಯಾ ಬಡಾವಣೆಯ ಆಫೀಸೊಂದರಲ್ಲಿ ಟೈಪಿಸ್ಟ್ ಆಗಿದ್ದ ಉಷಾಲತಾ ಯಾರಿಗೂ ಸುಲಭಕ್ಕೆ ಬಗ್ಗುವ ಹೆಂಗಸಲ್ಲ. ತೊಂಬತ್ತಾರನೇ ಇಸವಿಯಲ್ಲಿ ಅಲ್ಲಿನ ಕನ್ನಡಿಗರು ಗ್ರೀಕ್ ಪುರಾಣವನ್ನು ಯಕ್ಷಗಾನ ಮಾಡಿದಾಗ, ದೇವತೆಗಳ ಬೆಂಕಿ ಕದ್ದು ಮನುಷ್ಯರಿಗೆ ಕೊಟ್ಟ ಪ್ರಮೀಥಿಯಸ್ಸನ ವೇಷ ಅವಳ ಪಾಲಿಗೆ ಬಂತು.

"ಕಡೆಗೆ ದೇವರಾಜ ಜ್ಯೂಸನ ಕಾಲಿಗೆ ಬಿದ್ದುಬಿಡಿ ಉಷಕ್ಕ, ಮತ್ತೆ ಮಂಗಳ ಹಾಡುವ" ಎಂದರು ಭಾಗವತ ಕುಶಲಣ್ಣ.

"ಯಾಕೆ ಬೀಳ್ಬೇಕು? ಅವ ಎಂತ ತಪ್ಪು ಮಾಡಿದ್ದು?"

"ಪ್ರಸಂಗ ಮುಗಿಯುದೇ ಹಾಗೆ ಮಾರಾಯ್ರೆ."

 ಯಕ್ಷಗಾನದಲ್ಲಿ ಹಾಡು ಭಾಗವತರದ್ದಾದರೂ ಮಾತು ವೇಷಧಾರಿಯದ್ದೇ. ಅದನ್ನು ಯಾರೂ ಬರೆದುಕೊಡುವುದಿಲ್ಲ.

ಆಟದ ದಿನ ಬೆಂಕಿ ಕದ್ದ ಶಿಕ್ಷೆಯೆಂದು ಮೇಳದವರು, ಶರಣೆಂದ ಮೇಲೆ ಬಿಚ್ಚುವ ಲೆಕ್ಕದಲ್ಲಿ, ಅವಳ ಎರಡೂ ಕೈಗಳನ್ನು ಸರಪಳಿಯಿಂದ ಬಂಡೆಯ ಆಚೀಚೆ ಬಿಗಿದಿದ್ದರು. ಶರಣಾಗೆನ್ನುವ ಭಾಗವತರ ಪದ ಮುಗಿದು ಚೆಂಡೆ ನಿಂತಿತು. ಅವಳು ಜ್ಯೂಸನನ್ನು ಬಿಟ್ಟು ಸಭೆಯನ್ನೇ ದಿಟ್ಟಿಸಿದಳು.

"ಇವನ ಕಾಲಿಗೆ ಬೀಳುತ್ತೇನೆ. ಮೊದಲು ನಿಮ್ಮ ನಿಮ್ಮ ಒಲೆಯ ಬೆಂಕಿಯನ್ನು ಇವನಿಗೆ ಹಿಂದೆ ಕೊಡಿ. ಯಾರು ಕೊಡುತ್ತೀರಿ, ಎದ್ದು ನಿಲ್ಲಿ!"

ಯಾರೂ ಏಳಲಿಲ್ಲ. ಕುಶಲಣ್ಣ ಅದೇ ಪದವನ್ನು ಮತ್ತೊಮ್ಮೆ ಹಾಡಿದರು. ಅವಳು ಜಗ್ಗಲಿಲ್ಲ. ಕೊನೆಗೆ ಅವರು ಸೋತು ಮಂಗಳ ಎತ್ತಿಕೊಂಡಾಗ ಸಭೆ ಕೈಮುಗಿಯಿತು, ಜ್ಯೂಸನೂ ಕೈಮುಗಿದ. ಉಷಾಲತಾ ಮಾತ್ರ ಮುಗಿಯಲಿಲ್ಲ. ಅವಳ ಕೈ ಕಟ್ಟಿಹಾಕಿದವರು ಮೇಳದವರೇ ತಾನೇ!